ಕೊಲೆಗಾರನನ್ನು ನಾವೇ ಹಿಡಿದುಕೊಟ್ಟೆವು

ಓದುಗರೊಬ್ಬರ ಪತ್ರ: ‘ನಾನು ಅರ್ಧ ಓದಿಟ್ಟಿದ್ದ ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ನಿಮ್ಮ ವಿಮರ್ಶಕರು ಮೂರನೆಯ ಸಾಲಿನಲ್ಲೇ ಹೇಳಿಬಿಟ್ಟಿದ್ದಾರೆ. ಕಥೆ ಗೊತ್ತಿದ್ದರೂ ಜನ ತಾಳಮದ್ದಳೆಗೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ) ಹೋಗುವುದಿಲ್ಲವೇ ಎಂದು ಮನೆಯವರು ನಗುತ್ತಿದ್ದಾರೆ. ನನ್ನ ಸಿಟ್ಟು ತಪ್ಪೇ?’

ಸಂಪಾದಕರ ಉತ್ತರ: ತಪ್ಪಲ್ಲ. ಕರಡು ತಿದ್ದುವಾಗ ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು, ಸೊಗಸಾಗಿದೆಯೆಂದು ಬಿಟ್ಟೆ. ಕ್ಷಮಿಸಿ.

ಆದರೆ ನಿಮ್ಮ ಮನೆಯವರ ಮಾತಿನಲ್ಲೂ ಹುರುಳಿದೆ. ‘ಕೃಷ್ಣ ಸಂಧಾನ’ ಕೇಳಲು ಕೂತವರಲ್ಲಿ ಸಂಧಾನ ಮುರಿದುಬೀಳುತ್ತದೆಂದು ತಿಳಿಯದವರು ಯಾರಿದ್ದಾರೆ? ಆದರೂ ಐದು ಊರನ್ನೂ ಏಕೆ ಕೊಡಬಾರದು ಎಂಬುದಕ್ಕೆ ಕೌರವನ ಅರ್ಥಧಾರಿ, ಅಂದರೆ ಆ ಪಾತ್ರವಾಗಿ ಮಾತಾಡುವ ಕಲಾವಿದ, ಹೊಸದೊಂದು ವಾದ ಹೂಡಿದನೆಂದರೆ, ಕೃಷ್ಣ ಇದಕ್ಕೇನು ಹೇಳಿಯಾನು ಎಂದು ಸಭೆಯೇ ಮುಂದಕ್ಕೆ ಬಾಗುತ್ತದೆ. ಹಾಡುವ ಪದ್ಯ ಮೊದಲೇ ಇದೆ, ಅದಕ್ಕೆ ಪಾತ್ರಧಾರಿ ಆಡುವ ಮಾತು, ಅಂದರೆ ‘ಅರ್ಥ’, ಮಾತ್ರ ಆ ರಾತ್ರಿಯೇ ಹುಟ್ಟಬೇಕು. ಅಲ್ಲಿನ ಕುತೂಹಲ ಕಥೆಯದಲ್ಲ, ಮಾತಿನದು. ಪತ್ತೇದಾರಿ ಕಾದಂಬರಿಗೆ ಆ ಅನುಕೂಲವಿಲ್ಲ. ಅದರ ಬಂಡವಾಳವೆಲ್ಲ ಒಂದು ಹೆಸರಿನಲ್ಲಿದೆ.

ಕಾಲೇಜು ದಿನಗಳಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ತಂದ ಕಾದಂಬರಿಯೊಂದರಲ್ಲಿ ಯಾರೋ ಪುಣ್ಯಾತ್ಮರು ಕಂಪೌಂಡರನ ಹೆಸರಿಗೆ ಪೆನ್ಸಿಲಿನಿಂದ ಸುತ್ತು ಹಾಕಿ ‘ಇವನೇ’ ಎಂದು ಬರೆದಿದ್ದರು. ಬೈದುಕೊಂಡೇ ಓದಿದೆ. ಆಗ ಕಾಣಿಸಿದ್ದೇನು? ಪ್ರತಿ ದೃಶ್ಯದಲ್ಲೂ ಆತ ಮೂಲೆಯಲ್ಲಿ ಕೂತು ಶೀಷೆಗಳಿಗೆ ಚೀಟಿ ಅಂಟಿಸುತ್ತಿದ್ದಾನೆ, ಲೇಖಕ ಮಾತ್ರ ಪ್ರತಿ ಸಲವೂ ನಮ್ಮನ್ನು ಕಿಟಕಿಯ ಕಡೆ ನೋಡುವಂತೆ ಮಾಡುತ್ತಾನೆ! ಆ ಕೈಚಳಕ ಕಂಡು ಖುಷಿಯಾಯಿತು. ಆದರೆ ಅದು ಎರಡನೆಯ ಓದಿನ ಖುಷಿ. ಮೊದಲನೆಯ ಓದು ನನಗೆ ಸಿಗಲೇ ಇಲ್ಲ.

2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನು ಓದಿಸಿ ನೋಡಿದ್ದರು. ಕೊನೆಯನ್ನು ಮೊದಲೇ ತಿಳಿದವರೇ ಒಟ್ಟಾರೆ ತುಸು ಹೆಚ್ಚು ಮೆಚ್ಚಿದರಂತೆ. ನಮ್ಮ ವಿಮರ್ಶಕರು ಇದನ್ನೇ ಹಿಡಿದು ವಾದಿಸಿದರು. ಅನಂತರದ ಕೆಲವು ಅಧ್ಯಯನಗಳಲ್ಲಿ ಫಲಿತಾಂಶ ತಿರುಗುಮುರುಗಾಯಿತು ಎಂಬುದನ್ನು ಹೇಳಲಿಲ್ಲ. ಇರಲಿ, ಸರಾಸರಿ ಲೆಕ್ಕದಲ್ಲಿ ನಿಮ್ಮ ಸಂಜೆ ಸೇರಿಲ್ಲ. ಕೊನೆಯ ಪುಟವನ್ನೇ ಮೊದಲು ಓದುವವರೂ ಇದ್ದಾರೆ, ನನ್ನ ಹೆಂಡತಿಯೇ ಹಾಗೆ. ಅದು ಅವಳ ಆಯ್ಕೆ. ನಿಮಗೆ ನಾವು ಆ ಆಯ್ಕೆಯನ್ನೇ ಉಳಿಸಲಿಲ್ಲ.

ಲಂಡನ್ನಿನಲ್ಲಿ 1952ರಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಗೆ, ಗುಟ್ಟನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿಯಿದೆ. ಇನ್ನು ಮೇಲೆ ನಮ್ಮ ವಿಮರ್ಶಕರಿಗೂ ಅದೇ ಕೋರಿಕೆ. ಕೊನೆಯನ್ನು ಚರ್ಚಿಸಲೇಬೇಕಾದರೆ ಮೊದಲ ಸಾಲಿನಲ್ಲೇ ಎಚ್ಚರಿಕೆ ಅಚ್ಚಾಗುತ್ತದೆ.

ಅಂದಹಾಗೆ, ಆ ‘ಇವನೇ’ಯನ್ನು ರಬ್ಬರಿನಿಂದ ಉಜ್ಜಿ ಅಳಿಸಿದ ಮೇಲೆಯೇ ನಾನು ಪುಸ್ತಕ ಹಿಂದಿರುಗಿಸಿದ್ದು. ಬೆಳಕಿಗೆ ಹಿಡಿದರೆ ಅಚ್ಚು ಕಾಣುತ್ತಿತ್ತು.