ಔಗ್ಸ್‌ಬರ್ಗ್‌ಗೆ ಬರುವ ತಂಗಿಗೆ

ತಂಗೀ, ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಿಂದ ನಿನ್ನ ಯಜಮಾನರಿಗೆ ಜರ್ಮನಿಯ ಔಗ್ಸ್‌ಬರ್ಗ್‌ಗೆ ವರ್ಗವಾಗಿದೆ ಎಂದು ಓದಿ ಸಂತೋಷವಾಯಿತು. ಮಗ ಮೂರನೇ ತರಗತಿ, ಮಗಳು ಯುಕೆಜಿ. ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಗೆ ಸೇರಿಸಲೋ, ಜರ್ಮನ್ ಸರ್ಕಾರಿ ಶಾಲೆಗೋ ಎಂದು ಕೇಳಿದ್ದೀಯೆ.

ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವುದು ಖಚಿತವಾಗಿದ್ದು, ಶುಲ್ಕವನ್ನು ಕಂಪನಿಯೇ ಕಟ್ಟುವುದಾದರೆ ಅಂತರರಾಷ್ಟ್ರೀಯ ಶಾಲೆ ಆದೀತು. ಕೈಯಿಂದ ಕಟ್ಟುವ ಮಾತು ಬೇಡ. ಉಳಿಯುವವರಿಗೆ ಸರ್ಕಾರಿ ಶಾಲೆಯೇ ಸರಿ. ಸರ್ಕಾರಿ ಎಂದೊಡನೆ ಅತ್ತೆ ಮಾವ ಮುಖ ಸಣ್ಣದು ಮಾಡಿದರೆ, ಇಲ್ಲಿ ವೈದ್ಯರ ಮಕ್ಕಳೂ ಬಸ್ ಚಾಲಕರ ಮಕ್ಕಳೂ ಅಲ್ಲಿಯೇ ಓದುತ್ತಾರೆ, ಶುಲ್ಕವಿಲ್ಲ ಎಂದು ಹೇಳು.

ಭಾಷೆಗೆ ಅಂಜಬೇಡ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಬೆಳಗಾವಿಯ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಲ್ಲ. ನಿನ್ನ ಮಗಳು ಆರು ತುಂಬಿದ ವರ್ಷ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಸೇರುತ್ತಾಳೆ. ಅವಳ ಚಿಂತೆ ನನಗಿಲ್ಲ.

ನನ್ನ ಚಿಂತೆಯೆಲ್ಲ ನಿನ್ನ ಮಗನದು. ಇಲ್ಲಿ, ಬವೇರಿಯಾ ರಾಜ್ಯದಲ್ಲಿ, ಮಕ್ಕಳ ದಾರಿ ನಾಲ್ಕನೇ ತರಗತಿಯಲ್ಲಿಯೇ ಕವಲೊಡೆಯುತ್ತದೆ. (ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರನೇ ತರಗತಿಯವರೆಗೆ ಇದೆ, ನಿಮ್ಮ ಹಣೆಯಲ್ಲಿ ಔಗ್ಸ್‌ಬರ್ಗ್ ಬರೆದಿದೆ.) ಮೇ ತಿಂಗಳ ಆರಂಭದಲ್ಲಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ಜರ್ಮನ್, ಗಣಿತ, ಊರು ಮತ್ತು ಪರಿಸರದ ಪಾಠ, ಈ ಮೂರರ ಸರಾಸರಿ 2.33ರ ಒಳಗಿದ್ದರೆ ವಿಶ್ವವಿದ್ಯಾಲಯದತ್ತ ನೇರ ಒಯ್ಯುವ ಗಿಮ್ನಾಜಿಯಂ, 2.66ರ ಒಳಗಿದ್ದರೆ ನಡುವಿನ ಹಂತದ ರೆಯಾಲ್‌ಶೂಲೆ, ಉಳಿದವರಿಗೆ ಹೆಚ್ಚಾಗಿ ಕಸುಬಿನ ತರಬೇತಿಗೆ ಅಣಿಗೊಳಿಸುವ ಮಿಟೆಲ್‌ಶೂಲೆ. ಇಲ್ಲಿ 1 ಅತ್ಯುತ್ತಮ, 6 ಅತಿ ಕಡಿಮೆ ಎಂಬುದು ನೆನಪಿರಲಿ.

ನಾವು 2012ರ ಫೆಬ್ರುವರಿಯಲ್ಲಿ ಬಂದಾಗ ಹಿಮ ಮೊಣಕಾಲಿನವರೆಗೆ ಬಿದ್ದಿತ್ತು. ವಯಸ್ಸು ನೋಡಿ ದೊಡ್ಡ ಮಗಳನ್ನು ಮೂರನೇ ತರಗತಿಯಲ್ಲಿ ಕೂರಿಸಿದರು. ಟಿಳಕವಾಡಿಯ ಶಾಲೆಯಲ್ಲಿ ಗಣಿತದಲ್ಲಿ ಯಾವಾಗಲೂ ಮುಂದಿದ್ದ ಹುಡುಗಿ. ಇಲ್ಲಿ ಲೆಕ್ಕ ಬರುತ್ತಿತ್ತು. ಲೆಕ್ಕದ ಪ್ರಶ್ನೆಯೇ ಓದಲು ಬರುತ್ತಿರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಬಂದ ಸರಾಸರಿ ಮೂರರ ಆಸುಪಾಸು. ಅವಳು ಮಿಟೆಲ್‌ಶೂಲೆಗೆ ಹೋದಳು.

ಜರ್ಮನ್ ಮಾತೃಭಾಷೆಯಲ್ಲದ, ಒಂದನೇ ತರಗತಿಯಿಂದ ಇಲ್ಲಿ ಓದಿರದ ಮಕ್ಕಳಿಗೆ ಸರಾಸರಿ 3.33ರವರೆಗೆ ಇದ್ದರೂ ಗಿಮ್ನಾಜಿಯಂಗೆ ಅರ್ಹತೆ ಕೊಡಬಹುದು ಎಂದು ನಿಯಮವಿದೆ. ಅಂಕ ಕಡಿಮೆಯಾದದ್ದು ಭಾಷೆಯ ಕೊರತೆಯಿಂದ, ಅದು ಮುಂದೆ ತುಂಬಿಕೊಳ್ಳುತ್ತದೆ ಎಂದು ಶಾಲೆಗೆ ಅನ್ನಿಸಬೇಕು. ಇದನ್ನು ನಮಗೆ ಶಾಲೆಯವರು ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ತುರ್ಕಿ ಮೂಲದ ನೆರೆಯವರ ಬಾಯಿಂದ ಕೇಳಿದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇಂದಿಗೂ ಆ ಸಂಕಟ ಹೋಗಿಲ್ಲ. ಮಗಳು ಮಿಟೆಲ್‌ಶೂಲೆಯಲ್ಲಿಯೇ ಹತ್ತನೇ ತರಗತಿ ಮುಗಿಸಿ, ಮುಂದಿನ ತಾಂತ್ರಿಕ ಶಾಲೆ ದಾಟಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದಳು. ಆ ದಾರಿಯಲ್ಲಿ ನಡೆದು ಗೆದ್ದದ್ದು ಅವಳ ಗಟ್ಟಿತನ. ಆದರೆ ಹತ್ತು ವರ್ಷದ ಹುಡುಗಿ, ಗೆಳತಿಯರೆಲ್ಲ ಬೇರೆ ಶಾಲೆಗೆ ಹೋದಾಗ, “ಅಮ್ಮಾ, ನಾನು ದಡ್ಡಿಯಾ?” ಎಂದು ಕೇಳಿದ್ದು ಅವಳ ಪದವಿಯಿಂದ ಅಳಿಯುವುದಿಲ್ಲ.

ಆದ್ದರಿಂದ ಆ ನಿಯಮವನ್ನು ನಾಲ್ಕನೇ ತರಗತಿಯ ಮೊದಲ ಭೇಟಿಯಲ್ಲಿಯೇ ನೀನಾಗಿ ಎತ್ತು. ಶಿಕ್ಷಕರನ್ನು ಕೇಳುವುದು ಅವಿನಯ ಎಂಬ ನಮ್ಮ ಕಡೆಯ ಸಂಕೋಚ ಇಲ್ಲಿ ಮಗುವಿಗೇ ನಷ್ಟ. ಸಾಧ್ಯವಾದರೆ ಮಗನನ್ನು ಒಂದು ತರಗತಿ ಹಿಂದೆ ಸೇರಿಸಲು ಮುಖ್ಯೋಪಾಧ್ಯಾಯರನ್ನು ವಿನಂತಿಸು. ನಪಾಸಾದನೇ ಎಂದು ಊರಿನಲ್ಲಿ ಕೇಳುವವರಿಗೆ ಉತ್ತರಿಸುವ ಅಗತ್ಯವಿಲ್ಲ. ಭಾಷೆ ಕಲಿಯಲು ಅವನಿಗೆ ಸಿಗುವ ಆ ವರ್ಷ ಬಂಗಾರ.

ರಜೆಯ ವಿಷಯವನ್ನೂ ನೀನು ಕೇಳಿದ್ದೀಯೆ. ದೊಡ್ಡ ರಜೆ ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ. ನನ್ನ ಮಕ್ಕಳು ಬೆಳಗಾವಿಯ ಮಳೆ ಕಂಡಿದ್ದಾರೆ, ಒಮ್ಮೊಮ್ಮೆ ಗಣಪತಿ ಹಬ್ಬವೂ ಸಿಕ್ಕಿದೆ. ಮಾವಿನ ಕಾಲ ಮಾತ್ರ ಸಿಗಲೇ ಇಲ್ಲ. ಶಾಲೆ ತಪ್ಪಿಸಿ ಮೇ ತಿಂಗಳಲ್ಲಿ ಹೋಗುವ ಯೋಚನೆ ಬೇಡ, ದಂಡ ಬೀಳುತ್ತದೆ.

ಟಿ.ಸಿ., ಅಂಕಪಟ್ಟಿ, ಜನನ ಪ್ರಮಾಣಪತ್ರ ತಪ್ಪದೆ ತೆಗೆದುಕೊಂಡು ಬಾ. ದಡಾರದ ಎರಡು ಲಸಿಕೆಯ ದಾಖಲೆಯೂ ಬೇಕು. 2020ರಿಂದ ಶಾಲೆ ಸೇರಲು ಅದು ಕಡ್ಡಾಯ. ಕೊನೆಯದಾಗಿ, ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನಾವು ಆರಿಸುವುದಿಲ್ಲ, ಮನೆಯ ವಿಳಾಸವೇ ಆರಿಸುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಬೀದಿಯ ಹೆಸರು ನನಗೆ ಕಳುಹಿಸು. ಅದು ಯಾವ ಶಾಲೆಗೆ ಸೇರುತ್ತದೆ ಎಂದು ನೋಡಿ ಹೇಳುತ್ತೇನೆ.