ದೆವ್ವ ಎಲ್ಲಿತ್ತು ಅಂತ ಕೇಳಿದ್ದೀರಿ

ಪುತ್ತೂರಿನ ಓದುಗರೊಬ್ಬರು ಬರೆದ ಪತ್ರ ಇದು: ‘ಮಳೆಗಾಲದ ರಾತ್ರಿ ನೋಡುವಂಥ ದೆವ್ವದ ಸಿನಿಮಾ ಅಂತ ನೀವು “ಟ್ರಯಾಂಗಲ್” ಹೆಸರು ಕೊಟ್ಟಿದ್ದಿರಿ. ನೋಡಿದೆ. ದೋಣಿಯಲ್ಲಿ ಸುತ್ತಾಡಲು ಹೋದ ಗೆಳೆಯರು, ಬಿರುಗಾಳಿ, ಖಾಲಿ ಹಡಗು, ಎಲ್ಲ ಸರಿ. ಆದರೆ ದೆವ್ವ ಎಲ್ಲಿತ್ತು? ಕೊನೆಗೆ ಏನಾಯಿತು ಅಂತಲೂ ತಿಳಿಯಲಿಲ್ಲ. ಹಡಗಿನಿಂದ ಜನ ಹೀಗೆ ಮಾಯವಾಗಿದ್ದು ನಿಜವಾಗಿ ನಡೆದಿದೆಯಾ? ಇನ್ನೊಂದು ಮಾತು. ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಅಂಥ ಮಗುವಿಗೆ ಹೆತ್ತ ತಾಯಿಯೇ ಹೊಡೆಯುವುದನ್ನು ತೋರಿಸುವ ಅಗತ್ಯ ಏನಿತ್ತು? ಬಹಳ ಬೇಜಾರಾಯಿತು. ಒಂಬತ್ತನೇ ಕ್ಲಾಸಿನ ಮಗಳು ತಾನೂ ನೋಡ್ತೀನಿ ಅಂತಿದ್ದಾಳೆ. ತೋರಿಸಲಾ?’

ನಮಸ್ಕಾರ ಮೇಡಂ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಸಿನಿಮಾ ಅರ್ಥವಾಗಲಿಲ್ಲ ಅಂತ ಬಿಟ್ಟುಬಿಡದೆ ಕೂತು ಬರೆದಿದ್ದೀರಲ್ಲ, ಅದಕ್ಕೆ. ಆ ತಾಯಿಯ ವಿಷಯ ನಿಮ್ಮನ್ನು ಕಾಡಿದೆ ಎಂದರೆ ಸಿನಿಮಾದ ಹೃದಯ ಎಲ್ಲಿದೆಯೋ ಅಲ್ಲಿಗೇ ನೀವು ತಲುಪಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬಂದು ಮುಂದೆ ಓದಿ. ಕೊನೆಯ ಗುಟ್ಟೂ ಸೇರಿ ಎಲ್ಲವನ್ನೂ ಹೇಳಲಿದ್ದೇನೆ.

ಕತೆ ಎಲ್ಲರಿಗೂ ನೆನಪಿರಲಿ ಅಂತ ನಾಲ್ಕು ಸಾಲು. ಇದು 2009ರ ಸಿನಿಮಾ. ಬರೆದು ನಿರ್ದೇಶಿಸಿದವರು ಬ್ರಿಟನ್ನಿನ ಕ್ರಿಸ್ಟೋಫರ್ ಸ್ಮಿತ್. ಕತೆ ನಡೆಯುವುದು ಅಮೆರಿಕದ ಫ್ಲಾರಿಡಾದಲ್ಲಿ, ಚಿತ್ರೀಕರಣ ಆಗಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಜೆಸ್ ಒಬ್ಬಳೇ ಮಗನನ್ನು ಸಾಕುತ್ತಿರುವ ತಾಯಿ. ಗೆಳೆಯ ಗ್ರೆಗ್ ತನ್ನ ಹಾಯಿದೋಣಿಯಲ್ಲಿ ಒಂದು ದಿನ ಸುತ್ತಾಡಿ ಬರೋಣ ಅಂತ ಕರೆಯುತ್ತಾನೆ. ಅವನ ಜೊತೆಗಾರ ವಿಕ್ಟರ್, ಸ್ಯಾಲಿ ಮತ್ತು ಡೌನಿ ದಂಪತಿ, ಸ್ಯಾಲಿಯ ಗೆಳತಿ ಹೆದರ್, ಇಷ್ಟೇ ಜನ. ದಾರಿಯಲ್ಲಿ ಗಾಳಿ ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ. ಆಮೇಲೆ ಬಿರುಗಾಳಿ ಎದ್ದು ದೋಣಿ ಮಗುಚುತ್ತದೆ. ಹೆದರ್ ನೀರುಪಾಲಾಗುತ್ತಾಳೆ. ಉಳಿದವರ ಮುಂದೆ ‘ಈಯೋಲಸ್’ ಎಂಬ ದೊಡ್ಡ ಹಡಗು ಬಂದು ನಿಲ್ಲುತ್ತದೆ. ಹತ್ತಿ ನೋಡಿದರೆ ಒಳಗೆ ನರಪಿಳ್ಳೆ ಇಲ್ಲ. ಊಟದ ಮೇಜಿನ ಮೇಲೆ ಹಣ್ಣು ಮಾತ್ರ ತಾಜಾ. ಸ್ವಲ್ಪ ಹೊತ್ತಿಗೆ ಗೋಣಿಯ ಮುಖವಾಡ ಹಾಕಿಕೊಂಡ ಯಾರೋ ಬಂದು ಒಬ್ಬೊಬ್ಬರನ್ನೇ ಕೊಲ್ಲಲು ಶುರು ಮಾಡುತ್ತಾರೆ.

ನಾವು ದೆವ್ವದ ಸಿನಿಮಾ ನೋಡುವಾಗ ನಮಗೊಂದು ಲೆಕ್ಕ ಇರುತ್ತದೆ. ಯಾರೋ ಅನ್ಯಾಯವಾಗಿ ಸತ್ತಿರುತ್ತಾರೆ. ದೆವ್ವವಾಗಿ ಬಂದು ಸೇಡು ತೀರಿಸಿಕೊಳ್ಳುತ್ತಾರೆ. ಹಾಗಾಗಿ ನೀವೂ ಹಡಗಿನ ಉದ್ದಕ್ಕೂ ಬಿಳಿ ಸೀರೆಯಂಥದ್ದೇನನ್ನೋ ಹುಡುಕಿರಬೇಕು. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೊದಲ ದೃಶ್ಯದಿಂದ ಕೊನೆಯವರೆಗೂ ನೀವು ಯಾರ ಪಕ್ಕದಲ್ಲೇ ನಡೆದಿರೋ ಅವಳೇ ದೆವ್ವ. ಜೆಸ್ ಸತ್ತಿದ್ದಾಳೆ. ಮಗನೂ ಸತ್ತಿದ್ದಾನೆ. ದೋಣಿ ಹತ್ತುವ ಮುಂಚೆಯೇ ಅದು ಮುಗಿದುಹೋಗಿದೆ. ಅದನ್ನು ಒಪ್ಪಿಕೊಳ್ಳಲು ಅವಳಿಂದ ಆಗುತ್ತಿಲ್ಲ. ನಾನು ಈ ಸಿನಿಮಾವನ್ನು ಅರ್ಥ ಮಾಡಿಕೊಂಡಿರುವುದು ಹೀಗೆ. ಇದಕ್ಕೆ ಆಧಾರವೂ ಸಿನಿಮಾದಲ್ಲೇ ಇದೆ.

ಬಂದರಿನ ದೃಶ್ಯ ಜ್ಞಾಪಿಸಿಕೊಳ್ಳಿ. ಜೆಸ್ ಒಬ್ಬಳೇ ಬರುತ್ತಾಳೆ. ಮುಖದಲ್ಲಿ ಕಳೆಯೇ ಇಲ್ಲ. ಗ್ರೆಗ್‌ನನ್ನು ತಬ್ಬಿಕೊಂಡು ಕ್ಷಮಿಸು ಅನ್ನುತ್ತಾಳೆ. ಯಾಕೆ ಅಂತ ಅವನಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಮಗ ಟಾಮಿ ಎಲ್ಲಿ ಅಂದರೆ ಸ್ಕೂಲಿಗೆ ಹೋಗಿದ್ದಾನೆ ಅನ್ನುತ್ತಾಳೆ. ಆವತ್ತು ಶನಿವಾರ! ದೋಣಿಯಲ್ಲಿದ್ದವರಿಗೆ ಅದು ವಿಚಿತ್ರವಾಗಿ ಕೇಳುತ್ತದೆ. ನಮಗೆ ಏನೂ ಅನ್ನಿಸುವುದಿಲ್ಲ. ನಮ್ಮಲ್ಲಿ ಶನಿವಾರ ಬೆಳಗಿನ ಶಾಲೆ ಇದ್ದದ್ದೇ, ಅಲ್ವಾ? ಅಮೆರಿಕದಲ್ಲಿ ಶನಿವಾರ ರಜೆ. ಹಾಗಾಗಿ ನಿರ್ದೇಶಕರು ಕೈಗೇ ಕೊಟ್ಟ ಮೊದಲ ಸುಳಿವು ನಮ್ಮ ಪ್ರೇಕ್ಷಕರಿಗೆ ಗೊತ್ತೇ ಆಗದೆ ಜಾರಿ ಹೋಗುತ್ತದೆ. ಅವಳು ಸುಳ್ಳು ಹೇಳುತ್ತಿದ್ದಾಳೋ, ಅಥವಾ ಮಗ ಎಲ್ಲಿದ್ದಾನೆ ಅಂತ ಅವಳಿಗೇ ಗೊತ್ತಿಲ್ಲವೋ? ಗೊತ್ತಿರುವುದನ್ನು ಮರೆಯಲು ಹೊರಟಿದ್ದಾಳೆ ಅಂತ ನನಗನ್ನಿಸುತ್ತದೆ. ಹತ್ತಿದ ಮೇಲೆ ಅವಳು ಕೆಳಗೆ ಹೋಗಿ ಮಲಗುತ್ತಾಳೆ. ಎದ್ದಾಗ ಎಲ್ಲವೂ ಕೆಟ್ಟ ಕನಸಿನ ಹಾಗೆ ಅಳಿಸಿಹೋಗಿರುತ್ತದೆ.

ಎರಡನೇ ಸುಳಿವು ಗಡಿಯಾರ. ಹಡಗಿನ ಗಡಿಯಾರಕ್ಕೂ ಜೆಸ್ ಕೈಯಲ್ಲಿರುವ ವಾಚಿಗೂ ಹೊತ್ತು ಒಂದೇ. ಬೇರೆಯವರ ವಾಚು ತೋರಿಸುವ ಹೊತ್ತೇ ಬೇರೆ. ಆ ಹಡಗು ಅವಳದ್ದು. ಉಳಿದವರು ಅವಳ ಹಿಂದೆ ಬಂದು ಸಿಕ್ಕಿಬಿದ್ದವರು.

ರೇಡಿಯೋವನ್ನೂ ಮರೆಯಬೇಡಿ. ಗಾಳಿ ನಿಂತಾಗ ಗ್ರೆಗ್‌ನ ರೇಡಿಯೋದಲ್ಲಿ ಯಾರೋ ಹೆಂಗಸು ಸಹಾಯಕ್ಕಾಗಿ ಕೂಗಿಕೊಳ್ಳುವುದು ಕೇಳುತ್ತದೆ. ಯಾವುದೋ ಬೇರೆ ಹಡಗಿರಬೇಕು ಅಂದುಕೊಳ್ಳುತ್ತಾರೆ. ಬಹಳ ಹೊತ್ತಿನ ಮೇಲೆ ನಮಗೆ ಗೊತ್ತಾಗುತ್ತದೆ, ಅದು ಸ್ಯಾಲಿಯ ದನಿ. ಹಡಗಿನಲ್ಲಿ ಗಾಯಗೊಂಡ ಸ್ಯಾಲಿ ಕರೆದದ್ದು ದೋಣಿಯಲ್ಲಿ ಕೂತಿರುವ ಗ್ರೆಗ್‌ಗೆ ಕೇಳಿಸಿದೆ. ಆ ದೋಣಿಯಲ್ಲಿ ಅವನ ಜೊತೆಗೇ ಸ್ಯಾಲಿಯೂ ಕೂತಿದ್ದಾಳೆ! ನನಗೆ ಮುಖವಾಡದವಳಿಗಿಂತ ಜಾಸ್ತಿ ನಡುಕ ಹುಟ್ಟಿಸಿದ್ದು ಇದು.

ಹಡಗಿನಲ್ಲಿ ಏನು ನಡೆಯುತ್ತದೆ ಅಂತ ಗೊಂದಲ ಅಂದಿರಿ. ಬಿಡಿಸಿದರೆ ಇಷ್ಟೇ. ಅಲ್ಲಿ ಒಂದೇ ಹೊತ್ತಿಗೆ ಮೂವರು ಜೆಸ್ ಇರುತ್ತಾರೆ. ಒಬ್ಬಳು ಈಗಷ್ಟೇ ಹತ್ತಿದವಳು, ಏನೂ ತಿಳಿಯದವಳು. ಇನ್ನೊಬ್ಬಳು ಒಂದು ಸುತ್ತು ನೋಡಿದವಳು, ಈ ಸಲ ಎಲ್ಲರನ್ನೂ ಉಳಿಸುತ್ತೇನೆ ಅಂತ ಒದ್ದಾಡುವವಳು. ಮೂರನೆಯವಳು ಸೋತು ಗೋಣಿ ಹಾಕಿಕೊಂಡವಳು. ಎಲ್ಲರೂ ಸತ್ತರೆ ಮಗುಚಿದ ದೋಣಿ ಮತ್ತೆ ಬರುತ್ತದೆ, ಆಗ ತಾನು ಮನೆಗೆ ಹೋಗಬಹುದು ಅಂತ ಅವಳು ನಂಬಿದ್ದಾಳೆ. ಹಾಗಾಗಿ ಕೊಲ್ಲುತ್ತಾಳೆ. ಕೊನೆಗೆ ಸಮುದ್ರಕ್ಕೆ ಬೀಳುತ್ತಾಳೆ. ಅಷ್ಟರಲ್ಲಿ ಕೆಳಗಿನಿಂದ ಮತ್ತೆ ಅದೇ ಗೆಳೆಯರ ಕೂಗು ಕೇಳಿಸುತ್ತದೆ. ಎರಡನೆಯವಳು ಮೂರನೆಯವಳಾಗುತ್ತಾಳೆ. ಮೊದಲ ಸುತ್ತು ಯಾವುದು ಅಂತ ಹುಡುಕುತ್ತಾ ಹೋಗಬೇಡಿ. ಸಿನಿಮಾ ಅದನ್ನು ಎಲ್ಲೂ ತೋರಿಸುವುದಿಲ್ಲ. ತೋರಿಸದಿರುವುದೇ ಸರಿ.

ಇದೆಲ್ಲ ಎಷ್ಟು ಸಲ ನಡೆದಿದೆ ಎಂಬುದನ್ನು ಸ್ಮಿತ್ ಮಾತಿನಲ್ಲಿ ಹೇಳಿಸುವುದಿಲ್ಲ. ಅಲ್ಲೇ ಅವರ ಜಾಣ್ಮೆ ಇರುವುದು. ಜೆಸ್‌ಳ ಕೊರಳಿನ ಲಾಕೆಟ್ ಜಾರಿ ಕಬ್ಬಿಣದ ಜಾಲರಿಯೊಳಗೆ ಬೀಳುತ್ತದೆ. ಬಗ್ಗಿ ನೋಡುತ್ತಾಳೆ. ಕೆಳಗೆ ಅಂಥದ್ದೇ ಲಾಕೆಟ್‌ಗಳ ರಾಶಿ. ಅವರು ಹತ್ತಿದರೆ ಎಲ್ಲರನ್ನೂ ಕೊಲ್ಲು ಅಂತ ಬರೆದ ಚೀಟಿಯೂ ಹಾಗೆಯೇ. ಒಂದಲ್ಲ, ರಾಶಿ ರಾಶಿ, ಎಲ್ಲವೂ ಅವಳದೇ ಕೈಬರಹ. ಆಮೇಲೆ ಸ್ಯಾಲಿ. ಗಾಯಗೊಂಡ ಅವಳು ತೆವಳುತ್ತಾ ಹಡಗಿನ ಮೇಲ್ಭಾಗದ ಒಂದು ಮೂಲೆ ಸೇರುತ್ತಾಳೆ. ಅಲ್ಲಿ ಅವಳದೇ ಹೆಣಗಳು, ಒಂದರ ಪಕ್ಕ ಒಂದು, ಅದೇ ಬಟ್ಟೆ, ಅದೇ ಕೂದಲು. ಸುತ್ತ ಕಡಲಹಕ್ಕಿಗಳು. ಈ ದೃಶ್ಯದಲ್ಲಿ ದಿಢೀರ್ ಸದ್ದಿಲ್ಲ, ಯಾರೂ ಮೇಲೆ ಎರಗುವುದಿಲ್ಲ. ಇಂಥದ್ದೊಂದು ದೃಶ್ಯ ಇದ್ದರೆ ಸಿನಿಮಾಕ್ಕೆ ಬೇರೆ ದೆವ್ವ ಬೇಕಾಗುವುದಿಲ್ಲ.

ಹಡಗಿನ ಹೆಸರಿಗೂ ಒಂದು ಕತೆ ಇದೆ. ಸಿನಿಮಾದಲ್ಲೇ ಅದನ್ನು ಹೇಳುತ್ತಾರೆ, ಆದರೆ ಗಡಿಬಿಡಿಯಲ್ಲಿ ಗಮನಕ್ಕೆ ಬರುವುದಿಲ್ಲ. ಗ್ರೀಕ್ ಪುರಾಣದಲ್ಲಿ ಈಯೋಲಸ್ ಎಂದರೆ ಸಿಸಿಫಸ್‌ನ ಅಪ್ಪ. ಈ ಸಿಸಿಫಸ್ ಕಾರಿಂತ್‌ನ ರಾಜ, ಮಹಾ ಚಾಲಾಕಿ. ಸಾವಿನ ದೇವತೆಯನ್ನೇ ಸರಪಳಿಯಲ್ಲಿ ಕಟ್ಟಿಹಾಕಿದವನು. ಕೊನೆಗೆ ಸಾಯುವ ಮುಂಚೆ ಹೆಂಡತಿಗೆ ನನ್ನ ಕ್ರಿಯೆ ಮಾಡಬೇಡ ಅಂತ ಹೇಳಿಟ್ಟ. ಪಾತಾಳಕ್ಕೆ ಹೋಗಿ, ನೋಡಿ ನನ್ನ ಹೆಂಡತಿ ಕ್ರಿಯೆಯನ್ನೂ ಮಾಡಿಲ್ಲ, ಮೇಲೆ ಹೋಗಿ ಅವಳಿಗೆ ಬುದ್ಧಿ ಹೇಳಿ ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟ. ಬಂದವನು ಹಿಂತಿರುಗಲೇ ಇಲ್ಲ. ಅದಕ್ಕೆ ಸಿಕ್ಕ ಶಿಕ್ಷೆ ಎಲ್ಲರಿಗೂ ಗೊತ್ತು. ಬಂಡೆಯನ್ನು ಬೆಟ್ಟದ ಮೇಲಕ್ಕೆ ಉರುಳಿಸಬೇಕು, ತುದಿ ಮುಟ್ಟುವಷ್ಟರಲ್ಲಿ ಅದು ಕೆಳಗೆ ಉರುಳುತ್ತದೆ, ಮತ್ತೆ ಶುರು.

ಈಗ ಕೊನೆಯ ದೃಶ್ಯಕ್ಕೆ ಬನ್ನಿ. ಕಾರು ಅಪಘಾತದಲ್ಲಿ ಮಗ ಸತ್ತ ಜಾಗದಲ್ಲಿ ನಿಂತ ಜೆಸ್‌ಳ ಹತ್ತಿರ ಒಬ್ಬ ಟ್ಯಾಕ್ಸಿ ಡ್ರೈವರ್ ಬರುತ್ತಾನೆ. ಹುಡುಗನನ್ನು ಉಳಿಸಲು ಇನ್ನು ಯಾರಿಂದಲೂ ಆಗುವುದಿಲ್ಲ ಅನ್ನುತ್ತಾನೆ. ಅವಳನ್ನು ಬಂದರಿಗೆ ಬಿಡುತ್ತಾನೆ. ಮೀಟರ್ ಓಡುತ್ತಿರಲಿ, ವಾಪಸ್ ಬರುತ್ತೀಯಲ್ಲ ಅಂತ ಕೇಳುತ್ತಾನೆ. ಬರುತ್ತೇನೆ ಅಂತ ಅವಳು ಮಾತು ಕೊಡುತ್ತಾಳೆ. ಕೊಟ್ಟು ದೋಣಿ ಹತ್ತುತ್ತಾಳೆ. ಅವನು ಯಾರು ಅಂತ ಈಗ ಹೇಳಬೇಕಾಗಿಲ್ಲ. ಇಳಿದು ಅವನ ಜೊತೆ ಹೋಗಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ಸಲ ಪ್ರಯತ್ನ ಪಟ್ಟರೆ ಮಗ ಸಿಕ್ಕಾನು ಎಂಬ ಆಸೆ ಅವಳನ್ನು ಬಿಡುವುದಿಲ್ಲ. ಮೇಡಂ, ಮಗು ಕಳೆದುಕೊಂಡ ಯಾವ ತಾಯಿ ಆ ದೋಣಿ ಹತ್ತದೆ ಇರುತ್ತಾಳೆ?

ಇನ್ನು ನಿಮ್ಮ ಬೇಜಾರಿನ ವಿಷಯ. ಹಡಗಿನಿಂದ ಬಿದ್ದ ಜೆಸ್ ದಡ ಸೇರಿ ಮನೆಗೆ ಓಡುತ್ತಾಳೆ. ಕಿಟಕಿಯಿಂದ ಒಳಗೆ ನೋಡುತ್ತಾಳೆ. ಒಳಗೆ ಇನ್ನೊಬ್ಬಳು ಜೆಸ್, ಅಂದರೆ ಅದೇ ಬೆಳಗಿನ ತಾನೇ. ಮಗ ಬಣ್ಣ ಚೆಲ್ಲಿದ್ದಾನೆ ಅಂತ ಕಿರುಚುತ್ತಾಳೆ, ಹೊಡೆಯುತ್ತಾಳೆ. ಹೊರಗೆ ನಿಂತವಳಿಗೆ ನೋಡಲಾಗುವುದಿಲ್ಲ. ಸುತ್ತಿಗೆ ತಗೊಂಡು ಒಳಗೆ ಹೋಗಿ ಅವಳನ್ನು ಕೊಂದು, ಅದು ಅಮ್ಮ ಅಲ್ಲ ಅಂತ ಮಗನನ್ನು ಸಮಾಧಾನ ಮಾಡುತ್ತಾಳೆ.

ನಿಮಗೆ ನೋವಾಗಿದ್ದು ನ್ಯಾಯವೇ. ಆದರೆ ಒಂದನ್ನು ಗಮನಿಸಿ. ಈ ಸಿನಿಮಾ ಟಾಮಿಯನ್ನು ಒಂದು ಸಲವೂ ಭಯ ಹುಟ್ಟಿಸುವ ಮಗುವಾಗಿ ತೋರಿಸಿಲ್ಲ. ಅವನದ್ದು ಏನೂ ತಪ್ಪಿಲ್ಲ. ಅವನು ಬಣ್ಣ ಹಚ್ಚುತ್ತಾ ಕೂತ ಹುಡುಗ, ಕಂಡದ್ದಕ್ಕೆ ಹೆದರಿ ಅತ್ತ ಹುಡುಗ. ಆಟಿಸಂ ಇರುವ ಮಗುವನ್ನೇ ಭೂತದ ಹಾಗೆ ಬಳಸುವುದು ಬಹಳ ಸುಲಭವಿತ್ತು. ಸ್ಮಿತ್ ಆ ಅಗ್ಗದ ದಾರಿ ಹಿಡಿಯಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ ಇದೆ. ತಾಯಿಯನ್ನೂ ಅವರು ಸುಮ್ನೆ ರಾಕ್ಷಸಿ ಮಾಡಲಿಲ್ಲ. ಒಬ್ಬಳೇ ದುಡಿದು, ಒಬ್ಬಳೇ ಸಾಕಿ, ನಿದ್ದೆಗೆಟ್ಟು ತಾಳ್ಮೆ ಕಳೆದುಕೊಂಡವಳು ಅವಳು. ಹೊಡೆದದ್ದು ಖಂಡಿತ ತಪ್ಪು. ಅದು ತಪ್ಪು ಅಂತ ಅವಳಿಗೇ ಗೊತ್ತಿದೆ, ಬೇರೆ ಯಾರಿಗಿಂತಲೂ ಚೆನ್ನಾಗಿ.

ಆ ಹೊಡೆತ ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೊಡೆದವಳು ಬೇರೆ ಯಾರೋ, ಅವಳನ್ನು ಕೊಂದರೆ ಒಳ್ಳೆಯ ಅಮ್ಮ ಮಾತ್ರ ಉಳಿಯುತ್ತಾಳೆ ಅಂತ ಜೆಸ್ ನಂಬುತ್ತಾಳೆ. ಹೆಣವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮಗನ ಜೊತೆ ಹೊರಡುತ್ತಾಳೆ. ದಾರಿಯಲ್ಲಿ ಹಕ್ಕಿಯೊಂದು ಬಂದು ಗಾಜಿಗೆ ಬಡಿಯುತ್ತದೆ. ಅದನ್ನು ಎಸೆಯಲು ಇಳಿದರೆ ಕೆಳಗೆ ಅಂಥದ್ದೇ ಸತ್ತ ಹಕ್ಕಿಗಳ ರಾಶಿ. ಮಗ ಹೆದರಿ ಅಳುತ್ತಾನೆ. ಅವನನ್ನು ಸುಮ್ಮನಾಗಿಸಲು ರಸ್ತೆಯಿಂದ ಕಣ್ಣು ತೆಗೆದು ತಿರುಗುತ್ತಾಳೆ. ಎದುರಿಗೆ ಲಾರಿ. ಕೆಟ್ಟ ಅಮ್ಮನನ್ನು ಕೊಂದು ಹೊರಟ ಒಳ್ಳೆಯ ಅಮ್ಮನ ಕೈಯಲ್ಲೇ ಮಗು ಸಾಯುತ್ತದೆ. ಇಬ್ಬರೂ ಒಬ್ಬಳೇ ಎಂಬುದನ್ನು ಒಪ್ಪಿಕೊಳ್ಳದವರೆಗೆ ಅವಳಿಗೆ ಬಿಡುಗಡೆ ಇಲ್ಲ. ಸಿಟ್ಟಿನಲ್ಲಿ ಮಗುವಿಗೆ ಹೊಡೆದು, ರಾತ್ರಿ ಮಲಗಿರುವ ಅದರ ತಲೆ ಸವರಿ ಅಳುವ ತಂದೆತಾಯಿಗಳು ನಮ್ಮ ನಡುವೆ ಕಡಿಮೆ ಇಲ್ಲ. ಆ ಹೊಡೆತ ಕೊಟ್ಟದ್ದು ನಾನಲ್ಲ ಅನ್ನಿಸುವ ಆ ಹೊತ್ತನ್ನು ಇಷ್ಟು ನೇರವಾಗಿ ತೋರಿಸಿದ ಭಯದ ಸಿನಿಮಾವನ್ನು ನಾನು ಬೇರೆ ಕಂಡಿಲ್ಲ. ಮೆಲಿಸ್ಸಾ ಜಾರ್ಜ್ ಈ ಪಾತ್ರವನ್ನು ಹೊತ್ತಿರುವ ರೀತಿಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಅಂತಲೇ ನನ್ನ ಅಭಿಪ್ರಾಯ.

ಕೊರತೆ ಇಲ್ಲ ಅಂತಲ್ಲ. ಗೆಳೆಯರ ಪಾತ್ರಗಳು ತೆಳುವಾಗಿವೆ. ಹೆದರ್ ಏನಾದಳು ಅಂತ ಸಿನಿಮಾ ಕೊನೆಗೂ ಹೇಳುವುದಿಲ್ಲ. ನಡುವಿನ ಓಡಾಟ, ಬಂದೂಕಿನ ಸದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಖಾಲಿ ಹಡಗಿನ ವಿಷಯ ಕೇಳಿದ್ದೀರಿ. ಹೌದು, ನಡೆದಿದೆ. ‘ಮೇರಿ ಸೆಲೆಸ್ಟ್’ ಎಂಬ ಹಾಯಿಹಡಗು 1872ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಇಟಲಿಯ ಜಿನೋವಾಕ್ಕೆ ಆಲ್ಕೊಹಾಲ್ ಪೀಪಾಯಿ ತುಂಬಿಕೊಂಡು ಹೊರಟಿತ್ತು. ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಅವರ ಹೆಂಡತಿ, ಎರಡು ವರ್ಷದ ಮಗಳು, ಏಳು ಜನ ನಾವಿಕರು, ಒಟ್ಟು 10 ಜನ. ಡಿಸೆಂಬರ್ ಆರಂಭದಲ್ಲಿ ಅಟ್ಲಾಂಟಿಕ್‌ನಲ್ಲಿ, ಅಜೋರಸ್ ದ್ವೀಪಗಳ ಆಚೆ, ಇನ್ನೊಂದು ಹಡಗಿನವರು ನೋಡಿದಾಗ ಅದು ಯಾರೂ ಇಲ್ಲದೆ ತೇಲುತ್ತಿತ್ತು. ಆಹಾರ, ನೀರು, ಸರಕು ಇದ್ದವು. ಚಿಕ್ಕ ದೋಣಿ ಇರಲಿಲ್ಲ. ಆ 10 ಜನರ ಸುಳಿವು ಇವತ್ತಿಗೂ ಸಿಕ್ಕಿಲ್ಲ. ಆಲ್ಕೊಹಾಲ್ ಆವಿ ಸ್ಫೋಟಿಸಬಹುದು ಅಂತ ಹೆದರಿ ದೋಣಿಗೆ ಇಳಿದರೇನೋ ಎಂಬುದು ಒಂದು ಊಹೆ. ಮೇಜಿನ ಮೇಲೆ ಬಿಸಿ ಚಹಾ ಇತ್ತು, ಊಟ ಬಡಿಸಿತ್ತು ಅನ್ನುವುದೆಲ್ಲ ಆಮೇಲೆ ಕತೆಗಾರರು ಸೇರಿಸಿದ್ದು. ಈಯೋಲಸ್‌ನ ಮೇಜಿನ ಮೇಲೆ ಹಣ್ಣು ಕಂಡಾಗ ನನಗೆ ನೆನಪಾಗಿದ್ದು ಆ ಕತೆಗಳೇ.

ಮಗಳಿಗೆ ತೋರಿಸಲಾ ಅಂತ ಕೇಳಿದಿರಿ. ಬ್ರಿಟನ್‌ನಲ್ಲಿ ಈ ಸಿನಿಮಾಕ್ಕೆ 15 ವರ್ಷ ಮೇಲ್ಪಟ್ಟವರಿಗೆ ಎಂಬ ಸರ್ಟಿಫಿಕೇಟ್ ಇದೆ. ಒಂಬತ್ತನೇ ಕ್ಲಾಸು ಅಂದರೆ ಆ ಅಂಚಿನಲ್ಲೇ ಇದ್ದಾಳೆ. ರಕ್ತಕ್ಕಿಂತ ಸುತ್ತಿಗೆಯ ದೃಶ್ಯ ಮತ್ತು ಅಪಘಾತ ಅವಳನ್ನು ಕಾಡಬಹುದು. ಒಬ್ಬಳೇ ಫೋನಿನಲ್ಲಿ ನೋಡಲು ಬಿಡಬೇಡಿ. ಇನ್ನೊಂದು ವರ್ಷ ಕಾಯಲು ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಪಕ್ಕದಲ್ಲಿ ಕೂತು ನೀವೂ ಎರಡನೇ ಸಲ ನೋಡಿ. ಬಾಗಿಲ ಬೆಲ್ ಬಾರಿಸಿ ಹೊರಗೆ ಯಾರೂ ಕಾಣದ ಆ ಮೊದಲ ದೃಶ್ಯದಿಂದಲೇ ಗಮನ ಇಟ್ಟು ನೋಡಿ. ಮಗಳಿಗೆ ಏನನ್ನಿಸಿತು ಅಂತಲೂ ನಮಗೆ ಬರೆದು ತಿಳಿಸಿ.

– ಸಂಪಾದಕ