ಓಮ್ನಿ ಎಂಜಿನ್ ದೋಣಿಗೆ ಹಾಕಬಹುದಾ?

ಪ್ರಶ್ನೆ: ಮಲ್ಪೆಯಿಂದ 18 ಅಡಿಯ ಹಳೇ ಫೈಬರ್ ದೋಣಿ ತಂದಿದ್ದೇನೆ. ಎಂಜಿನ್ ದೋಣಿಯ ಒಳಗೇ ಇದೆ, ಪೆಟ್ರೋಲಿನದು, ಜಾಮ್ ಆಗಿದೆ. ಮನೆಯಲ್ಲಿ ಒಂದು ಮಾರುತಿ 800, ಒಂದು ಓಮ್ನಿ ಸುಮ್ನೆ ನಿಂತಿವೆ. ಮಾರ್ಕೋನಹಳ್ಳಿ ಜಲಾಶಯದಲ್ಲಿ ಓಡಿಸುವ ಆಸೆ. ಯಾವ ಎಂಜಿನ್ ಹಾಕಲಿ ಸರ್?
— ಓದುಗರು, ಅಮೃತೂರು

ಉತ್ತರ: ಓಮ್ನಿಯದು ಹಾಕಿ. ಎರಡೂ 796 ಸಿಸಿ, ಮೂರು ಸಿಲಿಂಡರ್. ಆದರೆ 800ರಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂದಕ್ಕೆ ಶಾಫ್ಟ್ ಕೊಡುತ್ತದೆ. ದೋಣಿಗೂ ಅದೇ ತಾನೇ ಬೇಕಾದದ್ದು?

ಗೇರ್‌ಬಾಕ್ಸ್ ಮಾತ್ರ ದೋಣಿಯ ಹಳೇದನ್ನೇ ಉಳಿಸಿಕೊಳ್ಳಿ. ಪ್ರೊಪೆಲ್ಲರ್ ತಿರುಗಿದಾಗ ಶಾಫ್ಟನ್ನು ಮುಂದಕ್ಕೆ ಒತ್ತುತ್ತದೆ, ಆ ಒತ್ತಡ ತಡೆಯುವಂತೆ ಕಾರಿನ ಗೇರ್‌ಬಾಕ್ಸ್ ಮಾಡಿರುವುದಿಲ್ಲ. ಎರಡನ್ನೂ ಜೋಡಿಸುವ ಪ್ಲೇಟನ್ನು ಲೇತ್‌ನವರ ಹತ್ತಿರ ಮಾಡಿಸಿ. ಹಳೇ ಎಂಜಿನ್ ಯಾವ ಕಡೆ ತಿರುಗುತ್ತಿತ್ತು ಅಂತ ಮೊದಲೇ ನೋಡಿಕೊಳ್ಳಿ.

ಇನ್ನು ನನಗೆ ನಿಜವಾಗಿ ಭಯ ಇರುವ ವಿಷಯ. ಓಮ್ನಿಯ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್, ಪೆಟ್ರೋಲ್ ಪಂಪ್, ಇವು ಯಾವುದೂ ದೋಣಿಗೆ ಬೇಡ, ಐದೂ ದೋಣಿಗೆಂದೇ ಮಾಡಿದವು ಬೇಕು. ಕಾರಿನಲ್ಲಿ ಪೆಟ್ರೋಲ್ ಸೋರಿದರೆ ರಸ್ತೆಗೆ ಬಿದ್ದು ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ಎಲ್ಲಿಗೆ ಹೋಗಬೇಕು? ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ತಳದಲ್ಲೇ ಕೂತಿರುತ್ತದೆ.

ಹಳೇ ಸ್ಟಾರ್ಟರ್ ಒಂದನ್ನು ಬೆಂಚಿನ ಮೇಲಿಟ್ಟು, ಹಿಂದಿನ ಪಟ್ಟಿ ತೆಗೆದು, ಲೈಟ್ ಆರಿಸಿ ಬ್ಯಾಟರಿ ಕೊಟ್ಟು ನೋಡಿದ್ದೇನೆ. ಬ್ರಷ್ ತುದಿಯಲ್ಲಿ ನೀಲಿ ಕಿಡಿ ಚಟಚಟ ಅನ್ನುತ್ತದೆ. ಹುಡುಗನಾಗಿ ಮಲ್ಪೆಯಲ್ಲಿ ಕೆಲಸ ಕಲಿಯುವಾಗ ಇದು ಗೊತ್ತಿರಲಿಲ್ಲ. ಒಂದು ದೋಣಿಗೆ ಕಾರಿನ ಸ್ಟಾರ್ಟರ್ ಕೂರಿಸಿದ್ದೆ. ಕೀ ತಿರುಗಿಸಿದ್ದೇ ತಡ, ಭುಗ್ ಅಂದಿತು. ಹಲಗೆ ಹಾರಿತು. ನನ್ನ ಜೊತೆಯ ಹುಡುಗನ ಹುಬ್ಬು, ಮುಂಗೂದಲು, ಎಡಗೈ ಚರ್ಮ ಹೋಯಿತು. ಅವನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ದೋಣಿಗೆಂದೇ ಮಾಡಿದ ಸ್ಟಾರ್ಟರಿನಲ್ಲಿ ಕಿಡಿ ಹೊರಗಿನ ಆವಿಗೆ ತಾಗುವುದಿಲ್ಲ. ಬೆಲೆ ಜಾಸ್ತಿ, ಆದರೂ ಅದನ್ನೇ ತನ್ನಿ. ನಿಮ್ಮ ಜಾಮ್ ಆದ ಎಂಜಿನ್ನಿನಲ್ಲಿ ಹೊಂದುವ ಭಾಗ ಏನಾದರೂ ಸಿಗುತ್ತದಾ ನೋಡಿ. ಏರ್ ಫಿಲ್ಟರ್ ಜಾಗಕ್ಕೆ ಬೆಂಕಿ ತಡೆಯುವ ಜಾಲರಿ ಹಾಕಿ. ತಳದ ಆವಿ ಹೊರಗೆ ತಳ್ಳುವ ಬ್ಲೋವರ್ ಇಟ್ಟು, ಪ್ರತಿ ಸಲ 4 ನಿಮಿಷ ಓಡಿಸಿದ ಮೇಲೇ ಕೀ ಮುಟ್ಟಿ. ಮೂಗಿನಿಂದಲೂ ನೋಡಿ.

ಎಂಜಿನ್ನಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಸುತ್ತ ನೀರು ಹರಿಯುವಂಥದ್ದೇ ಆಗಬೇಕು. ಕಾರಿನದು ಫೈಬರ್ ಪೆಟ್ಟಿಗೆಯೊಳಗೆ ಕೆಂಡವಾಗುತ್ತದೆ. ಕಾರು ಇಳಿಜಾರಿನಲ್ಲಿ ಉಸಿರು ಬಿಡುತ್ತದೆ, ದೋಣಿಗೆ ಯಾವಾಗಲೂ ಏರುದಾರಿಯೇ. ಕೆರೆ ನೀರು ನೇರ ಎಂಜಿನ್ನಿಗೆ ಬಿಡಬೇಡಿ, ಹೂಳು ಕಟ್ಟುತ್ತದೆ. ಹೀಟ್ ಎಕ್ಸ್‌ಚೇಂಜರ್ ಹಾಕಿಸಿ, ಅದರಲ್ಲಿ ಕೆರೆ ನೀರು ಎಂಜಿನ್ನಿನ ನೀರಿಗೆ ಬೆರೆಯದೆ ಹೊರಗಿನಿಂದಲೇ ಅದನ್ನು ತಣಿಸುತ್ತದೆ. ಜೊಂಡು ಸಿಕ್ಕುವ ಜರಡಿಯನ್ನು ಆಗಾಗ ಬಿಚ್ಚಿ ತೊಳೆಯಿರಿ.

2021ರ ಒಳನಾಡು ಹಡಗು ಕಾಯ್ದೆಯಲ್ಲಿ ಎಂಜಿನ್ ದೋಣಿಗೆ ನೋಂದಣಿ ಇದೆ. ಜಲಾಶಯಕ್ಕೆ ಇಳಿಸಲು ನೀರಾವರಿಯವರ ಒಪ್ಪಿಗೆಯೂ ಕೇಳಿ. ಮಾರ್ಕೋನಹಳ್ಳಿ ತುಂಬಿದಾಗ ಹೆಚ್ಚಿನ ನೀರು ಹೊರಗೆಳೆಯುವ ಸೈಫನ್ ತಾನಾಗೇ ಶುರುವಾಗುತ್ತದೆ. ಆ ದಿನಗಳಲ್ಲಿ ದೋಣಿ ದಡದಲ್ಲೇ ಇರಲಿ. ಬ್ಲೋವರ್ ಸಿಗದಿದ್ದರೆ ಬರೆಯಿರಿ, ತುಮಕೂರಿನಲ್ಲಿ ನಾನೇ ಹುಡುಕಿ ಕೊಡುತ್ತೇನೆ.